ಮೊದಲು ಬಿಸಿಲು, ಆಮೇಲೆ ನೀರು, ಆಮೇಲೆ ಧೂಳು: ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೆ ಒಂದು ಮಾರ್ಗದರ್ಶಿ

ಮಾಲಿನ್ಯದಿಂದ ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆ ಅಂತ ಹುಡುಕಿದರೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ. ಕಿಟಕಿ ಮುಚ್ಚಿ, ಏರ್ ಪ್ಯೂರಿಫೈಯರ್ ಹಾಕಿ, ಹೊರಗೆ ಹೋಗಬೇಡಿ. ದೆಹಲಿಯ ಚಳಿಗಾಲಕ್ಕೆ ಅದು ಸರಿ ಇರಬಹುದು. ಮೇ ತಿಂಗಳಲ್ಲಿ ಸಿಂಧನೂರಿನ ತಗಡಿನ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತರೆ ಧೂಳಿಗಿಂತ ಮೊದಲು ಸೆಕೆಯೇ ಜೀವ ತೆಗೆಯುತ್ತದೆ, ಅಲ್ವಾ?

ನಮ್ಮ ಕಡೆ ತೊಂದರೆ ಒಂದಲ್ಲ. ರಾಜ್ಯ ಸರ್ಕಾರದ ಮೂರೂ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಇಲ್ಲೇ ಇವೆ: ಶಕ್ತಿನಗರದ ಆರ್‌ಟಿಪಿಎಸ್ 1720 ಮೆಗಾವಾಟ್, ಕುಡತಿನಿಯ ಬಿಟಿಪಿಎಸ್ 1700, ಯರಮರಸ್‌ನ ವೈಟಿಪಿಎಸ್ 1600. ಸಂಡೂರಿನಲ್ಲಿ ಕಬ್ಬಿಣದ ಅದಿರಿನ ಗಣಿ, ತೋರಣಗಲ್ಲಿನಲ್ಲಿ ಉಕ್ಕು, ಗಿಣಿಗೇರಾ ಸುತ್ತಮುತ್ತ ಸ್ಪಂಜ್ ಐರನ್ (ಅದಿರನ್ನು ಕಲ್ಲಿದ್ದಲಿನಲ್ಲಿ ಕಾಸಿ ಮಾಡುವ ಕಬ್ಬಿಣ), ಹಟ್ಟಿಯಲ್ಲಿ ಚಿನ್ನ. ತುಂಗಭದ್ರಾ ಕಾಲುವೆ ಇರುವ ಕಡೆ ಭತ್ತ, ಭತ್ತಕ್ಕೆ ಕೊಡಗಟ್ಟಲೆ ಔಷಧಿ. ಕಾಲುವೆ ಇಲ್ಲದ ಕಡೆ ಬೋರು, ಬೋರಿನಲ್ಲಿ ಫ್ಲೋರೈಡ್. ಇದೆಲ್ಲದರ ಮೇಲೆ ವರ್ಷದಿಂದ ವರ್ಷಕ್ಕೆ ಏರುತ್ತಿರುವ ಧಗೆ.

ಎಲ್ಲದಕ್ಕೂ ಒಟ್ಟಿಗೆ ಉಪಾಯ ಮಾಡಲು ಯಾರ ಮನೆಯಲ್ಲೂ ದುಡ್ಡಿಲ್ಲ, ಪುರುಸೊತ್ತೂ ಇಲ್ಲ. ಅದಕ್ಕೇ ನಾನು ಹೇಳುವ ಕ್ರಮ ಇಷ್ಟೇ: ಒಂದೇ ದಿನದಲ್ಲಿ ಜೀವ ತೆಗೆಯುವುದನ್ನು ಮೊದಲು ನೋಡಿ, ಹತ್ತು ವರ್ಷ ತೆಗೆದುಕೊಳ್ಳುವುದನ್ನು ಆಮೇಲೆ ನೋಡಿ. ಬಿಸಿಲು ಮತ್ತು ಕೆಟ್ಟ ನೀರು ಮೊದಲ ಗುಂಪು. ಫ್ಲೋರೈಡ್, ಧೂಳು ಎರಡನೆಯದು. ನಿಧಾನದ್ದು ಸಣ್ಣದು ಅಂತ ಅರ್ಥವಲ್ಲ. ಅದಕ್ಕೆ ಬೇರೆ ಥರದ ಕೆಲಸ ಬೇಕು, ಬಹುಪಾಲು ಕಾಗದಪತ್ರದ ಕೆಲಸ. ಅದನ್ನು ಕೊನೆಗೆ ಬರೆದಿದ್ದೇನೆ.

ಹೆಜ್ಜೆ 1: ನಿಮ್ಮ ಊರಿಗೆ ಬರುವುದು ಯಾವುದು, ಪತ್ತೆ ಮಾಡಿ

ಪಕ್ಕದ ತಾಲ್ಲೂಕಿನ ತೊಂದರೆ ನಿಮ್ಮದಲ್ಲದೇ ಇರಬಹುದು. ಗಂಗಾವತಿಯ ಕ್ಯಾಂಪಿನಲ್ಲಿ, ಅಂದರೆ ಕಾಲುವೆ ಬದಿಯ ಭತ್ತದ ಊರಿನಲ್ಲಿ ಇರುವವರಿಗೆ ಸೊಳ್ಳೆ ಮತ್ತು ಕ್ರಿಮಿನಾಶಕ ದೊಡ್ಡದು, ಕುಷ್ಟಗಿಯ ಒಣ ಹಳ್ಳಿಯವರಿಗೆ ಬೋರಿನ ನೀರು ದೊಡ್ಡದು, ಗಿಣಿಗೇರಾದವರಿಗೆ ಕಪ್ಪು ಧೂಳು.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ನದಿಯಿಂದಲೋ ಕೆರೆಯಿಂದಲೋ ಬೋರಿನಿಂದಲೋ, ಬರೆಯಿರಿ. ಸುತ್ತ ಯಾವ ಕಾರ್ಖಾನೆ, ಗಣಿ, ಕ್ರಷರ್, ಇಟ್ಟಿಗೆ ಭಟ್ಟಿ ಇದೆ, ಯಾವ ದಿಕ್ಕಿಗಿದೆ ಅಂತ ಬರೆಯಿರಿ. ದಿಕ್ಕು ಯಾಕೆಂದರೆ, ಮುಂಗಾರಿನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ, ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ. ಹಾಗಾಗಿ ಚಿಮಣಿಯ ಪೂರ್ವಕ್ಕಿರುವ ಊರಿಗೆ ಜೂನ್‌ನಿಂದ ಸೆಪ್ಟೆಂಬರ್ ಕಷ್ಟ, ಪಶ್ಚಿಮಕ್ಕಿರುವ ಊರಿಗೆ ನವೆಂಬರ್ ಬಂತೆಂದರೆ ಕಷ್ಟ. ಚಳಿಗಾಲದ್ದು ಇನ್ನೂ ಕೆಟ್ಟದ್ದು, ಯಾಕೆಂದರೆ ರಾತ್ರಿ ನೆಲದ ಹತ್ತಿರ ತಂಪು ಗಾಳಿ ಕೂತುಬಿಡುತ್ತದೆ, ಹೊಗೆ ಮೇಲೆ ಏರುವುದಿಲ್ಲ, ಬೆಳಗಿನ ಹೊತ್ತು ಊರ ಮೇಲೇ ತೂಗುತ್ತಿರುತ್ತದೆ.

ಧೂಳಿನ ಬಗ್ಗೆ ಅನುಮಾನ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಸ್ಟೀಲ್ ತಟ್ಟೆ ಒಂದನ್ನು ಚೆನ್ನಾಗಿ ಒರೆಸಿ ಸಂಜೆ ಮಾಳಿಗೆ ಮೇಲಿಡಿ, ಬೆಳಿಗ್ಗೆ ನೋಡಿ. ಬಣ್ಣ ಗಮನಿಸಿ: ಕೆಂಪಾಗಿದ್ದರೆ ಅದಿರು ಅಥವಾ ಬರೀ ಮಣ್ಣು, ಬೂದು ಬಣ್ಣದ್ದು, ಬೆರಳಿಗೆ ಪೌಡರ್ ಥರ ಹತ್ತಿದರೆ ವಿದ್ಯುತ್ ಸ್ಥಾವರದ ಹಾರುಬೂದಿ ಇರಬಹುದು, ಕಪ್ಪಗಿದ್ದರೆ ಕಲ್ಲಿದ್ದಲು ಅಥವಾ ಸ್ಪಂಜ್ ಐರನ್. ಹಳೇ ಸ್ಪೀಕರಿನ ಆಯಸ್ಕಾಂತಕ್ಕೆ ಒಂದು ತೆಳು ಕಾಗದ ಸುತ್ತಿ ಆ ಕಪ್ಪು ಪುಡಿಯ ಮೇಲೆ ಆಡಿಸಿ. ಪುಡಿ ಗಡ್ಡದ ಹಾಗೆ ನಿಮಿರಿ ಕಾಗದಕ್ಕೆ ಅಂಟಿತು ಅಂದರೆ ಅದರಲ್ಲಿ ಕಬ್ಬಿಣ ಇದೆ. ಇದು ಯಾವ ಕಾರ್ಖಾನೆಯದ್ದು ಅಂತ ಹೇಳುವುದಿಲ್ಲ, ಲ್ಯಾಬಿನ ರಿಪೋರ್ಟೂ ಅಲ್ಲ. ಆದರೆ "ಅದು ಬರೀ ರಸ್ತೆ ಧೂಳು ಬಿಡ್ರಿ" ಅಂತ ಯಾರಾದರೂ ಅಂದರೆ ತಟ್ಟೆ ಮುಂದಿಡಬಹುದು. ತಾರೀಕು ಬರೆದ ಚೀಟಿ ಪಕ್ಕದಲ್ಲಿಟ್ಟು ಫೋಟೋ ತೆಗೆದುಕೊಳ್ಳಿ.

ಹೆಜ್ಜೆ 2: ಬಿಸಿಲಿಗೆ ಮಾರ್ಚ್‌ನಲ್ಲೇ ತಯಾರಾಗಿ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಅಂದರೆ ಮಧ್ಯಾಹ್ನದ ಬಿಸಿಲಿನಲ್ಲಿ ಕೆಲಸ ಮಾಡುವುದು ಮನುಷ್ಯರಿಂದ ಆಗುವುದಿಲ್ಲ ಅಂತ ಸರ್ಕಾರಕ್ಕೂ ಗೊತ್ತು. ಫ್ಯಾನ್ ಕೆಳಗೆ ಕೂರುವವರಿಗೆ ಸಮಯ ಬದಲಾಯಿತು, ಮೆಣಸಿನಕಾಯಿ ಹೊಲದಲ್ಲಿ, ಲೋಡಿಂಗ್‌ನಲ್ಲಿ, ಕಟ್ಟಡದ ಮೇಲೆ ಇರುವವರಿಗೆ ಬದಲಾಗಲಿಲ್ಲ. ನೀವು ಮೇಸ್ತ್ರಿಯಾಗಿದ್ದರೆ, ಹೊಲದ ಮಾಲೀಕರಾಗಿದ್ದರೆ ಮೊದಲ ಕೆಲಸ ಇದೇ: ಬೆಳಿಗ್ಗೆ 6ಕ್ಕೆ ಶುರು ಮಾಡಿ 11ಕ್ಕೆ ನಿಲ್ಲಿಸಿ, ಸಂಜೆ 4ರ ಮೇಲೆ ಮತ್ತೆ ಹಚ್ಚಿ. ಕೂಲಿ ಕಡಿಮೆ ಮಾಡಬೇಡಿ. ಬೇರೆ ಯಾವ ಉಪಾಯವೂ ಇದಕ್ಕೆ ಸಮ ಅಲ್ಲ.

ಮನೆಯ ವಿಷಯ. ಆರ್‌ಸಿಸಿ ಮಾಳಿಗೆ ಹಗಲೆಲ್ಲಾ ಕುಡಿದ ಕಾವನ್ನು ರಾತ್ರಿ ಒಳಗೆ ಬಿಡುತ್ತದೆ. ಹಗಲಿನ ಬಿಸಿಲಿಗಿಂತ ಈ ರಾತ್ರಿಯ ಸೆಕೆಯೇ ವಯಸ್ಸಾದವರನ್ನು ಹಣ್ಣು ಮಾಡುವುದು, ಯಾಕೆಂದರೆ ದೇಹಕ್ಕೆ ಆರಿಕೊಳ್ಳಲು ಸಿಗುವುದು ರಾತ್ರಿ ಮಾತ್ರ. ಹವಾಮಾನ ಬದಲಾವಣೆಯಿಂದ ರಾತ್ರಿಗಳೂ ಬಿಸಿಯಾಗುತ್ತಿವೆ. ಮಾರ್ಚ್ ಮುಗಿಯುವುದರೊಳಗೆ ಮಾಳಿಗೆಗೆ ಸುಣ್ಣ ಬಳಿಯಿರಿ. ಸುಣ್ಣವನ್ನು ಹಿಂದಿನ ದಿನವೇ ನೀರಿನಲ್ಲಿ ಅರಳಿಸಿ, ಸೋಸಿ, ಅಂಟು ಬೆರೆಸಿ, ಎರಡು ಕೈ ಬಳಿಯಬೇಕು. ಬಳಿಯುವ ಮುಂಚೆ ಕಸಬರಿಗೆಯಿಂದ ಧೂಳು ಪೂರ್ತಿ ತೆಗೆಯದಿದ್ದರೆ ಮೊದಲ ಮಳೆಗೇ ಎದ್ದು ಹೋಗುತ್ತದೆ. ಒಳಗೆ ಕೆಲವು ಡಿಗ್ರಿ ಕಡಿಮೆಯಾಗುತ್ತದೆ, ಮಲಗಿದಾಗ ಗೊತ್ತಾಗುತ್ತದೆ. ತಗಡಿಗೆ ಸುಣ್ಣ ನಿಲ್ಲುವುದಿಲ್ಲ. ಬಿಳಿ ಪೇಂಟ್ ಹೊಡೆಯಿರಿ, ಇಲ್ಲವೇ ಮೇಲೆ ಜೋಳದ ದಂಟು ಹಾಸಿ. ಕರೆಂಟ್ ವೈರ್ ಹತ್ತಿರ ಮಾತ್ರ ದಂಟು ಬೇಡ.

ಫ್ಯಾನಿನ ಬಗ್ಗೆ ಒಂದು ಮಾತು. ಕೋಣೆಯ ಬಿಸಿ 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಬರೀ ಬಿಸಿ ಗಾಳಿಯನ್ನು ಮೈಮೇಲೆ ಎರಚುತ್ತದೆ, ಮೈಯ ನೀರು ಇನ್ನೂ ಬೇಗ ಹೋಗುತ್ತದೆ. ಆಗ ಫ್ಯಾನ್ ಜೊತೆ ಒದ್ದೆ ಬಟ್ಟೆ ಬೇಕೇ ಬೇಕು. ನಮ್ಮದು ಒಣ ಹವೆ, ಹಾಗಾಗಿ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಎದುರಿನ ಕಿಟಕಿ ತೆರೆದಿದ್ದರೆ ಮಾತ್ರ. ಕೂಲರ್ ಇಲ್ಲದವರು ಬಾಗಿಲಿಗೆ ಒದ್ದೆ ಗೋಣಿಚೀಲ ಕಟ್ಟಿ. ಹರವಿ ನೀರು, ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ ಅಂತೂ ಹೇಳಿಕೊಡಬೇಕಾಗಿಲ್ಲ. ಬಾಯಾರುವ ತನಕ ಕಾಯಬೇಡಿ ಅನ್ನುವುದು ಮಾತ್ರ ನೆನಪಿರಲಿ, ಮತ್ತೆ ಮೂತ್ರದ ಬಣ್ಣ ನೋಡಿಕೊಳ್ಳಿ. ಗಾಢ ಹಳದಿ ಇದ್ದರೆ ನೀರು ಸಾಲುತ್ತಿಲ್ಲ. ಬಯಲಿಗೆ ಹೋಗಬೇಕಾಗುತ್ತದೆ ಅಂತ ಹೊಲಕ್ಕೆ ಹೋಗುವ ಹೆಂಗಸರು ನೀರೇ ಕುಡಿಯದೆ ಇರುತ್ತಾರೆ. ಕೆಲಸದ ಜಾಗದಲ್ಲಿ ನಾಲ್ಕು ಕಡೆ ಸೀರೆ ಕಟ್ಟಿ ಮರೆ ಮಾಡಿಕೊಡುವುದೂ ಆರೋಗ್ಯದ ಕೆಲಸವೇ.

ಬಿಪಿಗೆ ಮೂತ್ರ ಹೋಗುವ ಮಾತ್ರೆ ತೆಗೆದುಕೊಳ್ಳುವವರು, ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಬೇಸಿಗೆಗೆ ಮುಂಚೆ ಒಮ್ಮೆ ಡಾಕ್ಟರನ್ನು ಕೇಳಿ. ಕೆಲವು ಮಾತ್ರೆಗಳು ಬೆವರನ್ನು, ಬಾಯಾರಿಕೆಯನ್ನು ಏರುಪೇರು ಮಾಡುತ್ತವೆ. ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಈಗ ಮುಖ್ಯವಾದದ್ದು. ತಲೆ ಸುತ್ತು, ವಾಕರಿಕೆ, ಮೀನಖಂಡ ಹಿಡಿದುಕೊಳ್ಳುವುದು, ವಿಪರೀತ ಬೆವರು ಇದ್ದರೆ ನೆರಳಿಗೆ ತಂದು ಓಆರ್‌ಎಸ್ ಕುಡಿಸಿದರೆ ಸಾಮಾನ್ಯವಾಗಿ ಸುಧಾರಿಸುತ್ತಾರೆ. ಆದರೆ ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ, ಮೈ ಕೆಂಡದಂತೆ ಸುಡುತ್ತಾ ಪ್ರಜ್ಞೆ ತಪ್ಪುತ್ತಿದ್ದರೆ ಅದು ಬಿಸಿಲಿನ ಆಘಾತ. ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್ ದಾಟಿರುತ್ತದೆ. ಬೆವರು ಇದ್ದರೂ ಇರಬಹುದು, "ಬೆವರ್ತಾ ಇದಾನೆ, ಏನಾಗಲ್ಲ" ಅಂತ ಬಿಡಬೇಡಿ. 108ಕ್ಕೆ ಫೋನ್ ಮಾಡಿ, ಗಾಡಿ ಬರುವ ತನಕ ಸುಮ್ನೆ ನಿಲ್ಲಬೇಡಿ. ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಸುರಿಯಿರಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಅಥವಾ ಐಸ್ ಇಡಿ, ಗಾಳಿ ಹಾಕಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಪ್ಯಾರಾಸಿಟಮಾಲ್ ಈ ಬಿಸಿಗೆ ಕೆಲಸ ಮಾಡುವುದಿಲ್ಲ. ಮೊದಲು ತಣ್ಣಗೆ ಮಾಡುವುದು, ಆಮೇಲೆ ಸಾಗಿಸುವುದು.

ಹೆಜ್ಜೆ 3: ನೀರಿನಲ್ಲಿ ಎರಡು ಬೇರೆ ಬೇರೆ ಶತ್ರುಗಳಿವೆ

ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ನೀರಿನಲ್ಲಿರುವ ರೋಗಾಣು ಬೇರೆ, ನೀರಿನಲ್ಲಿ ಕರಗಿರುವ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಬೇರೆ. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ತಗಲುವುದಿಲ್ಲ.

ರೋಗಾಣು ಬೇಗ ಕೊಲ್ಲುತ್ತದೆ. 2022ರಲ್ಲಿ ರಾಯಚೂರು ನಗರದಲ್ಲಿ ನಳದ ನೀರು ಕುಡಿದು ವಾಂತಿಭೇದಿಯಾಗಿ ಜನ ಸತ್ತರು. 2023ರಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳದಲ್ಲೂ ಅದೇ ಆಯಿತು. ಹೀಗಾಗುವುದು ಹೆಚ್ಚಾಗಿ ಬೇಸಿಗೆಯ ಕೊನೆ ಮತ್ತು ಮೊದಲ ಮಳೆ ಹೊತ್ತಿಗೆ. ಕೆರೆ, ನದಿಯಲ್ಲಿ ನೀರು ತಳ ಕಂಡಿರುತ್ತದೆ, ಉಳಿದದ್ದರಲ್ಲಿ ಕೊಳೆ ಜಾಸ್ತಿ. ಪೈಪಿನಲ್ಲಿ ದಿನಗಟ್ಟಲೆ ನೀರಿರುವುದಿಲ್ಲ, ಖಾಲಿ ಪೈಪು ಒಡೆದ ಕಡೆಯಿಂದ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಒಂದೇ ರಾತ್ರಿ ತಿಂಗಳ ಮಳೆ ಸುರಿದು ಎಲ್ಲವನ್ನೂ ಕಲೆಸುತ್ತದೆ. ಬರ ಮತ್ತು ಜಡಿಮಳೆ ಒಂದರ ಹಿಂದೆ ಒಂದು ಬರುವುದು ಈಗ ಜಾಸ್ತಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು.

ಹಾಗಾಗಿ ಮೇಯಿಂದ ಆಗಸ್ಟ್‌ವರೆಗೆ ನೀರು ಕುದಿಸಿಯೇ ಕುಡಿಯಿರಿ. ಗುಳ್ಳೆ ಬಂದು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು, ಅರ್ಧ ತಾಸು ಗ್ಯಾಸ್ ಸುಡಬೇಕಾಗಿಲ್ಲ. ಕೆಂಪು ನೀರು ಬಂದರೆ ಮೊದಲು ಪಟಕ ಆಡಿಸಿ, ತಿಳಿಯಾದ ಮೇಲೆ ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿ. ಪಟಕ ಹಾಕಿದರೆ ಮಣ್ಣು ಕೂರುತ್ತದೆ, ರೋಗಾಣು ಪೂರ್ತಿ ಹೋಗುವುದಿಲ್ಲ. ಕುದಿಸಲು ಆಗದವರು ಆಶಾ ಕಾರ್ಯಕರ್ತೆಯ ಹತ್ತಿರ ಕ್ಲೋರಿನ್ ಮಾತ್ರೆ ಕೇಳಿ, ಹಾಕಿ ಅರ್ಧ ತಾಸು ಬಿಟ್ಟು ಕುಡಿಯಿರಿ. ವಾಸನೆ ಬರುತ್ತದೆ ಅಂತ ಚೆಲ್ಲಬೇಡಿ, ಆ ವಾಸನೆಯೇ ನಿಮ್ಮ ಗ್ಯಾರಂಟಿ.

ನೀರು ಕೆಟ್ಟಿದೆಯಾ ಅಂತ ನೋಡಲು ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇರುತ್ತದೆ. ಜಲ ಜೀವನ್ ಮಿಷನ್‌ನಲ್ಲಿ ಊರಿನ ಹೆಣ್ಣುಮಕ್ಕಳಿಗೇ ಅದರ ತರಬೇತಿ ಕೊಟ್ಟಿದ್ದಾರೆ. ಅದರ ಜೊತೆ ಸಣ್ಣ ಬಾಟಲಿ ಬರುತ್ತದೆ, ಎಚ್2ಎಸ್ ಬಾಟಲಿ ಅಂತ. ಕೈ ಸೋಪಿನಿಂದ ತೊಳೆದು, ನಳವನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು, ಬಾಟಲಿಯ ಬಾಯಿಗೆ ಬೆರಳು ತಾಗದ ಹಾಗೆ ಗುರುತಿನ ತನಕ ತುಂಬಿ ಮುಚ್ಚಬೇಕು. ಬೆಚ್ಚಗಿನ ಜಾಗದಲ್ಲಿ 24ರಿಂದ 48 ತಾಸು ಇಡಿ. ನೀರು ಕಪ್ಪಾಯಿತೋ, ಅದರಲ್ಲಿ ಹೊಲಸು ಸೇರಿದೆ ಅಂತಲೇ ಲೆಕ್ಕ. ಕಪ್ಪು ಬಾಟಲಿಯನ್ನು ಪಿಡಿಓ ಟೇಬಲ್ ಮೇಲೆ ಇಟ್ಟು ಮಾತಾಡಿ. ಬರೀ ಮಾತಿಗಿಂತ ಬೇಗ ವಾಟರ್‌ಮನ್ ಓಡಿ ಬರುತ್ತಾನೆ.

ಭೇದಿ ಶುರುವಾದರೆ ಮೊದಲ ತಾಸಿನಿಂದಲೇ ಓಆರ್‌ಎಸ್. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಹಾಕಿ, ಲೋಟಕ್ಕೆ ಅಷ್ಟಿಷ್ಟು ಅಂತ ಉದುರಿಸಬೇಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಗೋಪುರ ಮಾಡದೆ ಸಮ ಮಾಡಿ. ಅಂಗಡಿಯಲ್ಲಿ ಸಿಗುವ ಸಿಹಿ ಜ್ಯೂಸಿನ ಡಬ್ಬಿ ಓಆರ್‌ಎಸ್ ಅಲ್ಲ, ಭೇದಿ ಅದರಿಂದ ಹೆಚ್ಚಾಗಬಹುದು. ಮಕ್ಕಳಿಗೆ ಜಿಂಕ್ ಮಾತ್ರೆಯನ್ನು, ಭೇದಿ ನಡುವೆ ನಿಂತರೂ, ಒಟ್ಟು 14 ದಿನ ಮುಗಿಸಿ. ಮಗುವಿನ ಕಣ್ಣು ಒಳಗೆ ಹೋಗಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಇಳಿದರೆ, ಎಬ್ಬಿಸಿದರೂ ಮಂಪರಿನಲ್ಲಿದ್ದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಿ.

ಇನ್ನು ಫ್ಲೋರೈಡ್. ಇದು ಕಾರ್ಖಾನೆಯಿಂದ ಬಂದದ್ದಲ್ಲ, ನಮ್ಮ ಕಲ್ಲಿನಲ್ಲೇ ಇದೆ. ಮಳೆ ಕೈಕೊಟ್ಟಷ್ಟೂ ಬೋರು ಆಳಕ್ಕೆ ಹೋಗುತ್ತದೆ, ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತ ನೀರು ಮೇಲೆ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್ ಯಾವುದೂ ಇದಕ್ಕಾಗುವುದಿಲ್ಲ. ಆರ್‌ಒ ಆಗುತ್ತದೆ. ಮನೆಗೆ ಫಿಲ್ಟರ್ ಮಾರಲು ಬರುವವರು ಪೆನ್ ಥರದ ಟಿಡಿಎಸ್ ಮೀಟರ್ ಅದ್ದಿ ನಂಬರ್ ತೋರಿಸುತ್ತಾರಲ್ಲ, ಅದು ಫ್ಲೋರೈಡನ್ನೂ ಹೇಳುವುದಿಲ್ಲ, ರೋಗಾಣುವನ್ನೂ ಹೇಳುವುದಿಲ್ಲ. ಒಟ್ಟು ಉಪ್ಪಿನಂಶ ಎಷ್ಟು ಅಂತ ಅಂದಾಜು ಕೊಡುತ್ತದೆ, ಅಷ್ಟೇ.

ಊರಿನ ಶುದ್ಧ ನೀರಿನ ಘಟಕ ನಡೆಯುತ್ತಿದ್ದರೆ ಕುಡಿಯಲು ಮತ್ತು ಅಡುಗೆಗೆ, ಎರಡಕ್ಕೂ ಅದನ್ನೇ ಬಳಸಿ. ಕುಡಿಯಲು ಕ್ಯಾನ್ ನೀರು ತಂದು ಬೇಳೆ ಬೇಯಿಸಲು ಬೋರಿನ ನೀರು ಹಾಕಿದರೆ ಅರ್ಧ ಕೆಲಸ ವ್ಯರ್ಥ. ಘಟಕದ ಮೆಂಬ್ರೇನ್ (ನೀರು ಸೋಸುವ ಪೊರೆ) ಯಾವಾಗ ಬದಲಿಸಿದರು ಅಂತ ಪಂಚಾಯಿತಿಯಲ್ಲಿ ಕೇಳಿ, ನಾಣ್ಯ ಹಾಕಿದರೆ ನೀರು ಬರುತ್ತದೆ ಅಂದ ಮಾತ್ರಕ್ಕೆ ಅದು ಶುದ್ಧ ಅಂತಲ್ಲ. ಶಾಲೆಯ ಮಕ್ಕಳ ಮುಂದಿನ ಹಲ್ಲಿನ ಮೇಲೆ ಅಡ್ಡಡ್ಡ ಹಳದಿ, ಕಂದು ಪಟ್ಟಿ ಕಂಡರೆ ಆ ಊರಿನ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಲೇಬೇಕು. ದೊಡ್ಡವರಲ್ಲಿ ಗದ್ದ ಎದೆಗೆ ತಾಗಿಸಲು, ಕೈಗಳನ್ನು ತಲೆಯ ಹಿಂದೆ ಜೋಡಿಸಲು, ಬಗ್ಗಿ ಕಾಲ್ಬೆರಳು ಮುಟ್ಟಲು ಆಗದಿದ್ದರೆ ಬರೀ ವಾತ ಅಂತ ನೋವಿನ ಮಾತ್ರೆ ನುಂಗುತ್ತಾ ಕೂರಬೇಡಿ, ಫ್ಲೋರೋಸಿಸ್ ಇರಬಹುದೇ ಅಂತ ಡಾಕ್ಟರನ್ನು ಕೇಳಿ. ಹಾಲು, ಮೊಸರು, ರಾಗಿ, ನೆಲ್ಲಿಕಾಯಿ ಊಟದಲ್ಲಿರಲಿ. ಬ್ಲ್ಯಾಕ್ ಟೀ, ಅಡಿಕೆ ಕಡಿಮೆ ಮಾಡಿ.

ಹೆಜ್ಜೆ 4: ತುಂಬಿಟ್ಟ ನೀರಿನ ಮುಚ್ಚಳ

ನಳದಲ್ಲಿ ದಿನಾ ನೀರು ಬರದ ಊರಿನಲ್ಲಿ ಬ್ಯಾರಲ್, ಹಂಡೆ, ಸಿಂಟೆಕ್ಸ್ ತುಂಬಿಡಲೇಬೇಕು. ಡೆಂಗಿ ಸೊಳ್ಳೆಗೆ ಬೇಕಾದದ್ದೂ ಅದೇ ಸ್ವಚ್ಛ ನೀರು. ಮೊಟ್ಟೆಯಿಂದ ಸೊಳ್ಳೆಯಾಗಲು ಬೇಸಿಗೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ಎಲ್ಲಾ ಖಾಲಿ ಮಾಡಿ, ಒಳಗಿನ ಗೋಡೆಯನ್ನು ತೆಂಗಿನ ನಾರು ಹಾಕಿ ತಿಕ್ಕಿ. ಬರೀ ಖಾಲಿ ಮಾಡಿದರೆ ಸಾಲದು, ಮೊಟ್ಟೆ ಗೋಡೆಗೆ ಅಂಟಿರುತ್ತದೆ, ತಿಂಗಳುಗಟ್ಟಲೆ ಒಣಗಿದ್ದರೂ ನೀರು ಬಿದ್ದ ಕೂಡಲೇ ಜೀವ ಬರುತ್ತದೆ. ಕೂಲರಿನ ತೊಟ್ಟಿಯೂ ಲೆಕ್ಕಕ್ಕೆ ಸೇರಿಸಿ, ಬಿಸಿಲಿಗೆ ಅಂತ ತಂದದ್ದು ಡೆಂಗಿ ತರಬಾರದು. ಜ್ವರ ಬಂದಾಗ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಬ್ರೂಫೆನ್ ನುಂಗಬೇಡಿ, ಡೆಂಗಿಯಾಗಿದ್ದರೆ ರಕ್ತಸ್ರಾವ ಹೆಚ್ಚುತ್ತದೆ.

ಭತ್ತದ ಗದ್ದೆ ಇರುವ ಕಡೆ ಇನ್ನೊಂದಿದೆ, ಜಪಾನೀಸ್ ಎನ್ಸೆಫಲೈಟಿಸ್, ಮೆದುಳು ಜ್ವರ. ಗದ್ದೆಯ ನಿಂತ ನೀರಿನ ಸೊಳ್ಳೆ ಹಂದಿಯಿಂದ ಮನುಷ್ಯರಿಗೆ ತರುತ್ತದೆ. ನಮ್ಮ ಮೂರೂ ಜಿಲ್ಲೆಗಳು ಇದರ ಪಟ್ಟಿಯಲ್ಲಿವೆ. 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಒಂದು ಲಸಿಕೆ, ಉಚಿತ. ತಾಯಿ ಕಾರ್ಡ್ ತೆಗೆದು ಈಗಲೇ ನೋಡಿ.

ಹೆಜ್ಜೆ 5: ಧೂಳು ಮತ್ತು ಹೊಗೆ

ಕಣ್ಣಿಗೆ ಕಾಣುವ ಧೂಳು ಬಹುಪಾಲು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಕಾಣದ್ದು, ಅಂದರೆ ಪಿಎಂ 2.5 ಅನ್ನುವ ಸಣ್ಣ ಕಣ, ಶ್ವಾಸಕೋಶದ ತಳ ಸೇರಿ ಅಲ್ಲಿಂದ ರಕ್ತಕ್ಕೂ ಇಳಿಯುತ್ತದೆ. ದಮ್ಮು, ಕೆಮ್ಮು ಮಾತ್ರವಲ್ಲ, ಹೃದಯಾಘಾತ, ಲಕ್ವ ಕೂಡ ಇದರಿಂದ ಹೆಚ್ಚುತ್ತದೆ. ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ದಾಟಬಾರದು ಅನ್ನುವುದು ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಅಂದರೆ ಆ್ಯಪ್‌ನಲ್ಲಿ "ತೃಪ್ತಿಕರ" ಅಂತ ಹಸಿರು ಬಣ್ಣ ತೋರಿಸಿದರೂ ದಮ್ಮಿನವರಿಗೆ ತೃಪ್ತಿಕರ ಆಗಿರಬೇಕಾಗಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ನೋಡಿ, ಆದರೆ ಪಟ್ಟಣದಲ್ಲಿ ಕೂತ ಯಂತ್ರ ನಿಮ್ಮ ಊರಿನ ಗಾಳಿ ಕುಡಿಯುವುದಿಲ್ಲ ಅನ್ನುವುದು ನೆನಪಿರಲಿ.

ಮುಖಕ್ಕೆ ಟವೆಲ್ ಸುತ್ತಿಕೊಂಡರೆ ದಪ್ಪ ಧೂಳಿಗೆ ಆಯಿತು, ಸಣ್ಣದಕ್ಕೆ ಆಗುವುದಿಲ್ಲ. ಕ್ರಷರ್, ಗಣಿ, ಅದಿರು ಲೋಡಿಂಗ್, ಬೂದಿ ತುಂಬುವ ಕೆಲಸದವರಿಗೆ ಎನ್‌95 ಬೇಕು, ಅದನ್ನು ಕೊಡುವುದು ಮಾಲೀಕರ ಕೆಲಸ. ಮೂಗಿನ ಮೇಲಿನ ಪಟ್ಟಿ ಒತ್ತಿ ಕೂರಿಸದಿದ್ದರೆ ದುಬಾರಿ ಮಾಸ್ಕೂ ದಂಡ. 42 ಡಿಗ್ರಿಯಲ್ಲಿ ದಿನವಿಡೀ ಎನ್‌95 ಹಾಕಿಕೊಂಡು ಭಾರ ಹೊರಲು ಆಗುವುದಿಲ್ಲ, ಅದೂ ನಿಜ. ಅದಕ್ಕೇ ಮತ್ತೆ ಹೆಜ್ಜೆ 2ಕ್ಕೆ ಬರಬೇಕು, ಕೆಲಸದ ಸಮಯ ಬದಲಾಗದೆ ಮಾಸ್ಕ್ ಉಳಿಯುವುದಿಲ್ಲ.

ಮನೆಯಲ್ಲಿ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ಒರೆಸಿ. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣ ಹಾಕಿದರೆ ಮೇಲೊಂದು ತೆಳು ಬಟ್ಟೆ. ಹೊಲದಿಂದ ತಂದ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ. ಮಾಳಿಗೆಯ ಮಳೆನೀರು ಹಿಡಿಯುವವರು ಮೊದಲ ಮಳೆ ಪೂರ್ತಿ ಹೊರಗೆ ಬಿಡಿ. ಚಳಿಗಾಲದಲ್ಲಿ ಕಾರ್ಖಾನೆ ಸುತ್ತಿನ ಊರಿನವರು ಬೆಳಗಿನ ವಾಕಿಂಗನ್ನು ಬಿಸಿಲು ಚುರುಕಾದ ಮೇಲೆ ಮಾಡಿ. ಕಸ, ಪ್ಲಾಸ್ಟಿಕ್, ಭತ್ತದ ಹುಲ್ಲು ಸುಡುವುದನ್ನು ನಾವೇ ನಿಲ್ಲಿಸದೆ ಚಿಮಣಿಯನ್ನು ಬೈದರೆ ಎದುರಿನವರು ಅದನ್ನೇ ಎತ್ತಿ ತೋರಿಸುತ್ತಾರೆ. ಕಟ್ಟಿಗೆ ಒಲೆಯ ಹೊಗೆಯೂ ಹೆಂಗಸರ ಶ್ವಾಸಕೋಶಕ್ಕೆ ಅಷ್ಟೇ ಕೆಟ್ಟದು. ನೀರು ಕಾಯಿಸುವ ಒಲೆಯನ್ನಾದರೂ ಹೊರಗಿಡಿ.

ಎರಡು ವಾರ ದಾಟಿದ ಕೆಮ್ಮಿಗೆ ಸಿರಪ್ ಕುಡಿಯುತ್ತಾ ಕೂರಬೇಡಿ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಗಟ್ಟಿಯಾಗಿಸುತ್ತದೆ, ಅಂಥವರಿಗೆ ಟಿಬಿ ಹತ್ತುವ ಅಪಾಯವೂ ಜಾಸ್ತಿ. ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಡಾಕ್ಟರ್ ಕೇಳದಿದ್ದರೂ ನೀವು ಎಷ್ಟು ವರ್ಷ ಯಾವ ಧೂಳಿನಲ್ಲಿ ಕೆಲಸ ಮಾಡಿದ್ದೀರಿ ಅಂತ ಹೇಳಿ, ಚೀಟಿಯಲ್ಲಿ ಬರೆಸಿ. ದಮ್ಮಿಗೆ ಇನ್‌ಹೇಲರ್ ಕೊಟ್ಟರೆ "ಚಟ ಆಗುತ್ತೆ" ಅನ್ನುವವರ ಮಾತು ಕೇಳಬೇಡಿ.

ಹೆಜ್ಜೆ 6: ಬೆಳೆಗೆ ಎಣ್ಣೆ (ಕ್ರಿಮಿನಾಶಕ) ಹೊಡೆಯುವವರಿಗೆ

ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಎಣ್ಣೆ ಹೊಡೆಯುವ ಮುಂಚೆ ಡಬ್ಬಿಯ ಮೇಲಿನ ಬಣ್ಣದ ಗುರುತು ನೋಡಿ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಬೆಳಿಗ್ಗೆ ಬೇಗ, ಗಾಳಿ ಬೆನ್ನಿಗೆ ಇರುವ ಹಾಗೆ ನಡೆಯಿರಿ. ಬಿಸಿಲಲ್ಲಿ ಬೆವರಿದ ಚರ್ಮ ವಿಷವನ್ನು ಬೇಗ ಹೀರುತ್ತದೆ. ತುಂಬುತೋಳಿನ ಹತ್ತಿ ಅಂಗಿ, ರಬ್ಬರ್ ಗ್ಲೌಸ್, ಬೂಟು ಇರಲಿ, ಆ ಅಂಗಿಯನ್ನು ಮಕ್ಕಳ ಬಟ್ಟೆ ಜೊತೆ ನೆನೆಸಬೇಡಿ. ಖಾಲಿ ಡಬ್ಬಿಯಲ್ಲಿ ನೀರು, ಅಡುಗೆ ಎಣ್ಣೆ ತುಂಬಿಡುವುದಂತೂ ಬೇಡವೇ ಬೇಡ. ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಮೈ ನಡುಕ ಕಂಡರೆ ಬಟ್ಟೆ ತೆಗೆದು ಮೈ ತೊಳೆದು ಆಸ್ಪತ್ರೆಗೆ ಒಯ್ಯಿರಿ. ವಾಂತಿ ಮಾಡಿಸಬೇಡಿ. ಡಬ್ಬಿಯನ್ನೂ ಜೊತೆಗೆ ಒಯ್ಯಿರಿ, ಯಾವ ವಿಷ ಅಂತ ಗೊತ್ತಾದರೆ ಡಾಕ್ಟರಿಗೆ ಅರ್ಧ ತಾಸು ಉಳಿಯುತ್ತದೆ.

ಹೆಜ್ಜೆ 7: ನೋಟ್‌ಬುಕ್ಕನ್ನು ಅರ್ಜಿ ಮಾಡಿ

ಮನೆಯೊಳಗೆ ಮಾಡುವುದಕ್ಕೆ ಒಂದು ಮಿತಿ ಇದೆ. ಚಿಮಣಿಯನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಲು ಆಗುವುದಿಲ್ಲ. ಪರಿಸರ ದಿನ ಅಂತ ಜೂನ್ 5ಕ್ಕೆ ಒಂದು ಸಸಿ ನೆಟ್ಟು ಫೋಟೋ ತೆಗೆಸಿಕೊಂಡರೂ ಆಗುವುದಿಲ್ಲ. 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು ದಾಖಲೆಗಳನ್ನು ನೋಡಿದ ಮೇಲೆಯೇ.

ಹೆಜ್ಜೆ 1ರ ನೋಟ್‌ಬುಕ್‌ನಲ್ಲಿ ದಿನಾಂಕ, ಸಮಯ, ಗಾಳಿಯ ದಿಕ್ಕು, ತಟ್ಟೆಯ ಫೋಟೋ, ಯಾರಿಗೆ ದಮ್ಮು ಕಟ್ಟಿತು, ಯಾವ ಆಸ್ಪತ್ರೆ, ಎಷ್ಟು ಖರ್ಚು, ಎಲ್ಲ ಬರೆಯುತ್ತಾ ಹೋಗಿ. ಹತ್ತು ಮನೆಯವರು ಒಂದೇ ರೀತಿ ಬರೆದರೆ ಅದು ದೂರಲ್ಲ, ದಾಖಲೆ. ರಾತ್ರಿ ಹೊತ್ತು ಹೊಗೆ ಜಾಸ್ತಿ ಬಿಡುತ್ತಾರೆ ಅನ್ನುವುದು ಕಾರ್ಖಾನೆ ಸುತ್ತಿನ ಊರುಗಳ ಹಳೇ ದೂರು. ಹಗಲು ಬಂದ ಅಧಿಕಾರಿಗೆ ಅದು ಕಾಣುವುದಿಲ್ಲ, ಸಮಯ ಬರೆದ ವಿಡಿಯೋ ಕಾಣುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಮೂರೂ ಜಿಲ್ಲಾ ಕೇಂದ್ರಗಳಲ್ಲಿದೆ. ಅಲ್ಲಿಗೆ ಬರವಣಿಗೆಯಲ್ಲೇ ಕೊಡಿ, ಪ್ರತಿಯನ್ನು ಜಿಲ್ಲಾಧಿಕಾರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸಿ.

ಗಣಿ ಬಾಧಿತ ಊರಿನವರು ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದ ಬಗ್ಗೆ ಕೇಳಿ. 2015ರ ಕಾನೂನು ತಿದ್ದುಪಡಿಯಿಂದ ಬಂದ ನಿಧಿ ಇದು, ಕುಡಿಯುವ ನೀರು, ಆರೋಗ್ಯ, ಮಾಲಿನ್ಯ ತಡೆಗೆ ಮೊದಲ ಪಾಲು ಹೋಗಬೇಕು. ಗ್ರಾಮಸಭೆಯಲ್ಲಿ "ನಮ್ಮ ಉಪಕೇಂದ್ರಕ್ಕೆ ನೆಬ್ಯುಲೈಸರ್, ಊರಿಗೆ ನೀರಿನ ಘಟಕ" ಅಂತ ಹೆಸರಿಟ್ಟು ನಿರ್ಣಯ ಬರೆಸಿ, ಸುಮ್ನೆ "ಅಭಿವೃದ್ಧಿ" ಅಂತ ಬರೆಸಿದರೆ ಕಾಂಪೌಂಡ್ ಗೋಡೆ ಬರುತ್ತದೆ.

ಹೊಸ ಕಾರ್ಖಾನೆ ಅಥವಾ ವಿಸ್ತರಣೆ ಬಂದರೆ 2006ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಸಭೆ ವಿಡಿಯೋ ಆಗಬೇಕು. ಮೈಕ್ ಸಿಗಲಿ ಬಿಡಲಿ, ಆಕ್ಷೇಪಣೆಯನ್ನು ಬರೆದು ಕೊಟ್ಟರೆ ಅದು ನಡಾವಳಿಗೆ ಸೇರುತ್ತದೆ. ಹಳೇ ತಪಾಸಣೆ ವರದಿ, ನೋಟಿಸ್ ಬೇಕಾದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಕೇಳಿ, 30 ದಿನದಲ್ಲಿ ಉತ್ತರ ಬರಬೇಕು. ಯಾವ ಅರ್ಜಿ ಕೊಟ್ಟರೂ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ. "ನಾಳೆ ಬನ್ನಿ, ಸಾಹೇಬ್ರು ಇಲ್ಲ" ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ಆ ರಸೀದಿಯನ್ನು ನೋಟ್‌ಬುಕ್ಕಿಗೆ ಅಂಟಿಸಿ.